ಎಂಜಲು ಕಡ್ಡಿ

ವರ್ನಾ ಹುಡಾಕ್ ಎರಡನೇ ಸಲವೂ ಫೇಲಾಗಿ ಮನೆಗೆ ಬಂದಾಗ ಅವಳ ಗಂಡ ಎಮಿಲ್ ಅಡುಗೆಮನೆಯಲ್ಲಿ ನಿಂತು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದ. ಒಂದು ಚಿಪ್ಸನ್ನು ಈರುಳ್ಳಿ ಬೆರೆಸಿದ ಹುಳಿಕೆನೆಗೆ ಅದ್ದಿದ, ಅರ್ಧ ಕಚ್ಚಿದ, ಉಳಿದರ್ಧವನ್ನು ಮತ್ತೆ ಅದೇ ಬಟ್ಟಲಿಗೆ ಅದ್ದಿದ. ವರ್ನಾ ಬಾಗಿಲಲ್ಲೇ ನಿಂತು ನೋಡಿದಳು. ಎಳೆದುಕೊಂಡು ಬಂದಿದ್ದ ಚಕ್ರದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ನೆಟ್ಟಗೆ ಬಂದು, ಬಟ್ಟಲು ಕಿತ್ತುಕೊಂಡು ಕೆನೆ ಸಮೇತ ಕಸದ ಡಬ್ಬಿಗೆ ಒಗೆದಳು.

"ಏನೇ ಇದು! ಆ ಬಟ್ಟಲು ಏನೇ ಮಾಡಿತ್ತು ನಿಂಗೆ?"

"ಎಂಜಲು ಕಣೋ, ಎಂಜಲು! ಈ ಮನೇಲಿ ಎಲ್ಲಾರೂ ಎಂಜಲು ಮಾಡೋರೇ. ಅದಕ್ಕೇ ನಾನು ಫೇಲು!"

ಎಮಿಲ್ ಕೈಯಲ್ಲಿದ್ದ ಚಿಪ್ಸ್ ನೋಡಿಕೊಂಡ. ಅದನ್ನು ಬಾಯಿಗೆ ಹಾಕಿಕೊಳ್ಳುವುದೋ ಬಿಡುವುದೋ ತಿಳಿಯಲಿಲ್ಲ. ಕೊನೆಗೆ ಹಾಕಿಕೊಂಡ.

ವಿಷಯ ಇಷ್ಟೇ. ಪೆನ್ಸಿಲ್ವೇನಿಯಾದಲ್ಲಿ ಇನ್ನೊಬ್ಬರ ಮುಖಕ್ಕೆ ಕ್ರೀಮು ಹಚ್ಚಿ, ಹಬೆ ಹಿಡಿದು, ಬೇಡದ ಕೂದಲು ಕಿತ್ತು ಸಂಬಳ ತಗೋಬೇಕು ಅಂದರೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಪರೀಕ್ಷೆ. ಪರೀಕ್ಷೆಯಲ್ಲಿ ಒಬ್ಬ ಜೀವಂತ ಮನುಷ್ಯನನ್ನು ಮಾಡೆಲ್ ಅಂತ ಕರೆದುಕೊಂಡು ಹೋಗಿ ಮಲಗಿಸಬೇಕು, ಅವನ ಮುಖದ ಮೇಲೆ ವಿದ್ಯೆ ತೋರಿಸಬೇಕು. ನಿಯಮಗಳು ರಾಶಿ. ಎಲ್ಲಕ್ಕಿಂತ ದೊಡ್ಡದು ಒಂದೇ: ಕ್ರೀಮಾಗಲಿ, ಬಿಸಿ ಮೇಣವಾಗಲಿ, ಡಬ್ಬಿಗೆ ಅದ್ದಿದ ಮರದ ಕಡ್ಡಿ ಒಂದು ಸಲ ಚರ್ಮ ಮುಟ್ಟಿದರೆ ಅದು ಎಂಜಲು. ಮತ್ತೆ ಡಬ್ಬಿಗೆ ಹೋಗಬಾರದು. ಎಸೆದು ಹೊಸದು ತಗೋಬೇಕು. ಎಂಜಲು ಕಡ್ಡಿ ಡಬ್ಬಿಯ ಅಂಚು ಮುಟ್ಟಿದರೂ ಪರೀಕ್ಷಕಿಯ ಪೆನ್ನು ಓಡುತ್ತದೆ, ಅಲ್ಲಿಗೆ ಕತೆ ಮುಗೀತು.

ವರ್ನಾ ಎರಡು ಸಲವೂ ಅದ್ದಿದ್ದಳು.

ಅದು ಅವಳ ತಪ್ಪಲ್ಲ, ಅವಳ ಬಲಗೈಯ ತಪ್ಪು. ಮದುವೆಗೂ ಮುಂಚಿನಿಂದ ಆ ಕೈ ಬ್ರೈಯರ್‌ಟನ್ ಊರಿನ ದೊಡ್ಡ ಅಂಗಡಿಯ ಬೇಕರಿಯಲ್ಲಿ ಕೇಕಿಗೆ ಕೆನೆ ಬಳಿದಿತ್ತು. ಅದ್ದು, ಬಳಿ, ಅದ್ದು, ಬಳಿ. ಊರಲ್ಲಿ ಹುಟ್ಟುಹಬ್ಬ ಯಾರದೇ ಇರಲಿ, ಗುಲಾಬಿ ಹೂ ವರ್ನಾದೇ. ಗಣಿ ಮುಚ್ಚಿ ಊರು ಅರ್ಧ ಖಾಲಿಯಾದರೂ ಅವಳ ಗುಲಾಬಿಗೆ ಗಿರಾಕಿ ಕಮ್ಮಿಯಾಗಲಿಲ್ಲ. ಆಮೇಲೆ ಅಂಗಡಿಯವರಿಗೆ ಬುದ್ಧಿ ಬಂತು ನೋಡಿ: ಕೇಕುಗಳು ಇನ್ನೆಲ್ಲೋ ಯಂತ್ರದಲ್ಲಿ ಹುಟ್ಟಿ, ಹೆಪ್ಪುಗಟ್ಟಿ, ಲಾರಿಯಲ್ಲಿ ಬರತೊಡಗಿದವು. ಗುಲಾಬಿ ಕೂಡ ಕಲ್ಲಿನಂತೆ ಗಟ್ಟಿ. ವರ್ನಾಗೆ ಒಂದು ಬೀಳ್ಕೊಡುಗೆ ಕಾರ್ಡು ಕೊಟ್ಟು, ಅದೇ ಹೆಪ್ಪುಗಟ್ಟಿದ ಕೇಕಿನ ಒಂದು ತುಂಡು ಕೊಟ್ಟು ಕಳಿಸಿದರು. ಇಂಥವರ ತಲೆಗೆ ಬಿಸಿ ಮೇಣ ಸುರಿಯಬೇಕು.

ಆಗ ಕೈಹಿಡಿದವಳು ಟ್ರೂಡಿ ಪಾವ್ಲಿಕ್. ಊರಿನ ಹೆಂಗಸರ ತಲೆಗಳೆಲ್ಲ ಅವಳ ಸಲೂನಿನವು. "ಹಿಂದಿನ ಕೋಣೆ ಖಾಲಿ ಇದೆ ಕಣೇ ವರ್ನಾ," ಅಂದಿದ್ದಳು. "ಕೂದಲು ನಾನು ನೋಡ್ಕೋತೀನಿ, ಮುಖ ನೀನು ನೋಡ್ಕೋ. ಕೇಕಿಗೆ ಅಷ್ಟು ಚೆನ್ನಾಗಿ ಬಳೀತೀಯ, ಮೂತಿಗೆ ಬಳಿಯೋಕೇನು ಕಷ್ಟ?"

ಏನು ಕಷ್ಟ ಅಂತ ಮೊದಲ ಪರೀಕ್ಷೆಯಲ್ಲೇ ಗೊತ್ತಾಯಿತು. ಮುಖಕ್ಕೆ ಲೇಪ ಹಚ್ಚುವ ಹೊತ್ತಿಗೆ ವರ್ನಾ ಮೈಮರೆತಳು. ಹಣೆಯಿಂದ ಕೆನ್ನೆಗೆ ಒಂದೇ ಏಟಿಗೆ ನಯವಾಗಿ ಎಳೆದು, ಗಲ್ಲದ ತುದಿಯಲ್ಲಿ ಮಣಿಕಟ್ಟು ತಿರುಗಿಸಿ ಒಂದು ಗುಲಾಬಿ ಎಬ್ಬಿಸಿದಳು. ಪರೀಕ್ಷಕಿ ಬಗ್ಗಿ ಆ ಗುಲಾಬಿಯನ್ನೇ ನೋಡಿದಳು. ಅದಕ್ಕೆ ಎಲೆ ಸೇರಿಸೋಣ ಅಂತ ವರ್ನಾ ಅದೇ ಕಡ್ಡಿಯನ್ನು ಡಬ್ಬಿಗೆ ಅದ್ದಿದಳು.

ಎರಡನೇ ಸಲ ಗುಲಾಬಿ ಮಾಡಲಿಲ್ಲ. ಅದ್ದಿದಳು ಅಷ್ಟೇ.

ಈಗ ಟ್ರೂಡಿಯ ಕೋಣೆಯ ಮೇಲೆ ಬೇರೊಬ್ಬನ ಕಣ್ಣು ಬಿದ್ದಿತ್ತು. ಚರ್ಮ ಕಂದು ಮಾಡುವ ಯಂತ್ರ ಇಟ್ಟುಕೊಂಡ ಯಾವನೋ ದಿನಾ ಫೋನ್ ಮಾಡುತ್ತಿದ್ದ. "ಈಸ್ಟರ್‌ವರೆಗೂ ಕಾಯ್ತೀನಿ," ಅಂದಳು ಟ್ರೂಡಿ. "ಅಷ್ಟರೊಳಗೆ ಪಾಸಾಗು. ಇಲ್ದಿದ್ರೆ ಅವನ ಕಾಗೆ ಬಣ್ಣ ಮಾಡೋ ಯಂತ್ರ ಬಂದು ಕೂರತ್ತೆ. ನಾನೇನ್ ಮಾಡ್ಲಿ, ನಂಗೂ ಬಾಡಿಗೆ ಬೇಕು."

ಈಸ್ಟರಿಗೆ ಮುಂಚೆ ಇನ್ನೊಂದೇ ಒಂದು ಪರೀಕ್ಷೆ ಇತ್ತು.

ಮನೆಯಲ್ಲಿ ಕಟ್ಟುನಿಟ್ಟು ಶುರುವಾಯಿತು. ವರ್ನಾ ಯಾವುದನ್ನಾದರೂ ಎರಡನೇ ಸಲ ಅದ್ದಿದರೆ ಕಂಡವರು ಕೂಗಬೇಕು. ಎಮಿಲ್‌ಗೆ ಇದು ಹಬ್ಬ. ಅವನು ಮುನಿಸಿಪಾಲಿಟಿಯ ಹಿಮ ಗುಡಿಸುವ ಲಾರಿ ಓಡಿಸುವವನು. ದಾರಿಗೆ ಅಡ್ಡ ಕಾರು ನಿಲ್ಲಿಸಿದವರನ್ನು ಬೈದು ಬೈದು ಗಂಟಲು ಪಳಗಿತ್ತು. ವರ್ನಾ ಬಿಸ್ಕತ್ತನ್ನು ಕಾಫಿಗೆ ಎರಡನೇ ಸಲ ಇಳಿಸಿದರೆ ಸಾಕು, "ಎಂಜಲೂ!" ಅಂತ ಅಬ್ಬರಿಸುತ್ತಿದ್ದ, ಕಾಫಿ ಅರ್ಧ ಚೆಲ್ಲುತ್ತಿತ್ತು. ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರು ಕೂತು ಆಲೂಗಡ್ಡೆ ಹೂರಣದ ಪಿರೋಹಿ ಕಡುಬು ಮಡಿಸುವಾಗಲೂ, ಅವಳ ಬೆರಳು ನೀರಿನ ಬಟ್ಟಲಿಗೆ ಎರಡನೇ ಸಲ ಹೋದರೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಒಂದು ಭಾನುವಾರ ಪಾದ್ರಿ ಪವಿತ್ರಜಲದ ಕುಂಚವನ್ನು ಪಾತ್ರೆಗೆ ಮತ್ತೆ ಅದ್ದಿದಾಗ ಹಿಂದಿನ ಸಾಲಿನಿಂದ ಎಮಿಲ್ ಬಾಯಿ ತಪ್ಪಿ ಕೂಗಿಯೇಬಿಟ್ಟ. ಪಾದ್ರಿ ಕುಂಚ ಕೆಳಗಿಟ್ಟರು. ಅವತ್ತು ಅರ್ಧ ಊರಿಗೆ ಪವಿತ್ರಜಲ ಸಿಗಲಿಲ್ಲ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ. ಕೂಗಿದಾಗ ಕೈ ನಿಲ್ಲುತ್ತಿತ್ತು, ಕೂಗದಿದ್ದರೆ ಇಳಿಯುತ್ತಿತ್ತು. ಪರೀಕ್ಷೆಯಲ್ಲಿ ಕೂಗುವವರು ಯಾರು? ಅಲ್ಲಿ ಮಾಡೆಲ್ ತುಟಿ ಬಿಚ್ಚಿದರೂ ಅಂಕ ಹೋಗುತ್ತದೆ.

ದಾರಿ ತೋರಿಸಿದವಳು ಅತ್ತೆ ಲುದ್ಮಿಲಾ. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಮುದುಕಿ. ಸೊಸೆಯನ್ನು ಹೊಗಳಿದರೆ ಹಲ್ಲು ಉದುರುತ್ತದೆ ಅಂತ ನಂಬಿದ್ದವಳು. ಇದ್ದ ಹಲ್ಲು ಕೆಲವೇ, ಅದಕ್ಕೇ ಇನ್ನೂ ಜೋಪಾನ.

"ಆ ಕೈಗೆ ಯಾಕೇ ಪಾಠ ಹೇಳ್ತೀಯ?" ಅಂದಳು. "ಅದು ಬೇಕರಿ ಕೈ, ಸಾಯೋವರೆಗೂ ಬೇಕರಿ ಕೈಯೇ. ಇನ್ನೊಂದು ಕೈ ಇದೆಯಲ್ಲ, ಅದಕ್ಕೇನು ರೋಗ?"

ವರ್ನಾ ತನ್ನ ಎಡಗೈಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಅದು ಯಾವತ್ತೂ ಕೇಕು ಮುಟ್ಟಿರಲಿಲ್ಲ. ಅದಕ್ಕೆ ಯಾವ ಚಟವೂ ಇರಲಿಲ್ಲ, ಯಾವ ಕೆಲಸವೂ ಬರುತ್ತಿರಲಿಲ್ಲ. ಹಸುಗೂಸಿನಂಥ ಕೈ, ಒಂದು ಸಲ ಹೇಳಿದರೆ ಕೇಳುತ್ತಿತ್ತು. ಕಡ್ಡಿ ಎತ್ತು, ಅದ್ದು, ಹಚ್ಚು, ಎಸೆ. ಎತ್ತು, ಅದ್ದು, ಹಚ್ಚು, ಎಸೆ. ಬಲಗೈಯನ್ನು ಏಪ್ರನ್ನಿನ ಪಟ್ಟಿಗೆ ಸಿಕ್ಕಿಸಿ ಅಭ್ಯಾಸ ಮಾಡಿದಳು. ಅದು ಅಲ್ಲಿಂದಲೇ ಕಿತ್ತುಕೊಂಡು ಬರಲು ನೋಡುತ್ತಿತ್ತು, ಕಟ್ಟಿಹಾಕಿದ ನಾಯಿಯಂತೆ.

ಕಷ್ಟ ಬಂದಿದ್ದು ಎಮಿಲ್‌ನ ಹುಬ್ಬಿಗೆ. ಈ ಸಲದ ಮಾಡೆಲ್ ಅವನೇ ಅಲ್ಲವೇ? ಎಡಗೈ ಎಂಜಲು ಮಾಡುತ್ತಿರಲಿಲ್ಲ ನಿಜ, ಆದರೆ ಅದಕ್ಕೆ ಹುಬ್ಬು ಎಲ್ಲಿ ಮುಗಿಯುತ್ತದೆ ಅನ್ನುವ ಅಂದಾಜೂ ಇರಲಿಲ್ಲ. ಪರೀಕ್ಷೆಗೆ ಇನ್ನೇನು ಎರಡು ದಿನ ಅನ್ನುವಾಗ ಮೇಣ ಹಚ್ಚಿ ಬಟ್ಟೆ ಅಂಟಿಸಿ ಎಳೆದಳು. ಎಮಿಲ್ ಕೂಗಿದ್ದು ಬೀದಿಯ ಆಚೆ ತುದಿಗೆ ಕೇಳಿತು. ಬಟ್ಟೆಯ ಮೇಲೆ ಹುಬ್ಬು ಪೂರಾ ಬಂದಿತ್ತು. ಕಂಬಳಿಹುಳುವಿನ ಹಾಗೆ, ಒಂದು ಕೂದಲೂ ಚದುರದೆ.

"ಕಿತ್ತಿದ್ದೇನೋ ಚೆನ್ನಾಗಿದೆ," ಅಂದಳು ಅತ್ತೆ ಬಟ್ಟೆ ತಿರುಗಿಸಿ ನೋಡಿ.

"ನನ್ನ ಹುಬ್ಬು ಕಣಮ್ಮಾ ಅದು! ಬಂದೂಕು ಕೊಳ್ಳೋಕೆ ಇಷ್ಟು ಕೇಳಲ್ಲ ಈ ದೇಶದಲ್ಲಿ! ಮುಖಕ್ಕೆ ಕ್ರೀಮ್ ಹಚ್ಚೋಕೆ ಪರೀಕ್ಷೆ, ಪರೀಕ್ಷೆಗೆ ನನ್ನ ಹುಬ್ಬು! ನಾಳೆ ಲಾರಿ ಓಡಿಸ್ಬೇಕು ನಾನು, ಜನ ಏನಂತಾರೆ?"

"ಹಿಮ ಬಿದ್ದಾಗ ಟೋಪಿ ಹಾಕ್ಕೋತೀಯಲ್ಲ, ಇಳಿಸಿ ಹಾಕ್ಕೋ," ಅಂದಳು ವರ್ನಾ. ಅಂದವಳೇ ಕುರ್ಚಿಯಲ್ಲಿ ಕುಸಿದಳು. ಮಾಡೆಲ್ ಮುಖದಲ್ಲಿ ಗಾಯ ಕೆಂಪು ಇರಕೂಡದು, ಎರಡೂ ಹುಬ್ಬು ಇರಬೇಕು. ಎಮಿಲ್‌ನ ಮುಖದಲ್ಲಿ ಈಗ ಒಂದು ಕಡೆ ಹುಬ್ಬು, ಇನ್ನೊಂದು ಕಡೆ ಬೇಯಿಸಿದ ಸಾಸೇಜಿನ ಬಣ್ಣ. ಟ್ರೂಡಿಗೆ ಅವತ್ತು ಸಲೂನು ಬಿಟ್ಟು ಬರಲಾಗದು. ಪಿರೋಹಿ ಹೆಂಗಸರು ಎಮಿಲ್‌ನ ಮುಖ ನೋಡಿ ಒಬ್ಬೊಬ್ಬರಾಗಿ ಸೊಂಟನೋವು, ಮಂಡಿನೋವು ಅಂತ ಜಾರಿಕೊಂಡರು.

"ನಾನು ಬರ್ತೀನಿ," ಅಂದಳು ಲುದ್ಮಿಲಾ.

ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡಿದರು. ಲುದ್ಮಿಲಾಗೆ ಹುಬ್ಬೂ ಇತ್ತು, ಮೀಸೆಯೂ ಇತ್ತು. ಸಣ್ಣಪುಟ್ಟ ಮೀಸೆಯಲ್ಲ, ಗಣಿ ಕೆಲಸದವನಿಗೂ ಒಪ್ಪುವಂಥದ್ದು. ಅದನ್ನು ಯಾರೂ ಮುಟ್ಟಕೂಡದು ಅಂತ ಮದುವೆಯಾದ ದಿನದಿಂದ ವರ್ನಾಗೆ ಗೊತ್ತಿತ್ತು.

"ಅತ್ತೆ, ಬಾಯಿ ಬಿಡದೆ ಮಲಗಿರ್ಬೇಕು. ನೋವಾದ್ರೂ ಅಲ್ಲಾಡಂಗಿಲ್ಲ. ಯಾರು ಮಾತಾಡ್ಸಿದ್ರೂ ತುಟಿ ಎರಡು ಮಾಡಂಗಿಲ್ಲ. ನಿಮ್ಮ ಕೈಲಿ ಆಗತ್ತಾ?"

"ಏ ಹುಡುಗಿ," ಅಂದಳು ಮುದುಕಿ. "ಗಣೀಲಿ ಸತ್ತೋರನ್ನ ಮನೆಗೆ ತಂದು ಹಾಕ್ತಿದ್ದಾಗ ಅವರನ್ನ ತೊಳೆದು ಬಟ್ಟೆ ಹಾಕಿ ಮಲಗಿಸ್ತಿದ್ದೋರು ಯಾರು? ಈ ಲುದ್ಮಿಲಾ. ಒಂದು ಹೆಣ ಹೇಗೆ ಬಿದ್ಕೋಬೇಕು ಅಂತ ನಂಗೆ ಹೇಳ್ಕೊಡೋಕೆ ಬರ್ತೀಯಾ?"

ಹೀಗೆ ಪರೀಕ್ಷೆಯ ದಿನ ಎಮಿಲ್ ಟೋಪಿಯನ್ನು ಮೂಗಿನ ತನಕ ಇಳಿಸಿಕೊಂಡು ಅವರಿಬ್ಬರನ್ನೂ ಕಾರಲ್ಲಿ ಕರೆದುಕೊಂಡು ಹೋದ. ಮುದುಕಿ ಹಿಂದಿನ ಸೀಟಿನಲ್ಲಿ ಆಗಲೇ ಬಾಯಿ ಮುಚ್ಚಿ ಕೂತಿದ್ದಳು. ಅಭ್ಯಾಸಕ್ಕೆ.

ಪರೀಕ್ಷೆಯ ಕೋಣೆಯಲ್ಲಿ ಸಾಲಾಗಿ ಮಂಚಗಳು, ಸಾಲಾಗಿ ಹುಡುಗಿಯರು. ಎಲ್ಲರೂ ವರ್ನಾಗೆ ಮಗಳಾಗುವಷ್ಟು ವಯಸ್ಸಿನವರು. ಅವರ ಮಾಡೆಲ್‌ಗಳು ಗೆಳತಿಯರು, ತಂಗಿಯರು, ಕನ್ನಡಿಯಂಥ ಚರ್ಮದವರು. ಕೊನೆಯ ಮಂಚದ ಮೇಲೆ ಲುದ್ಮಿಲಾ. ವರ್ನಾ ಬಿಳಿ ಬಟ್ಟೆ ಹೊದಿಸಿದಳು, ತಲೆಗೆ ಬಿಳಿ ಟವೆಲ್ ಸುತ್ತಿದಳು. ಮುದುಕಿ ತಾನಾಗಿಯೇ ಎರಡೂ ಕೈಯನ್ನು ಎದೆಯ ಮೇಲೆ ತಂದು ಬೆರಳು ಹೆಣೆದುಕೊಂಡಳು. ಪಾದ ಜೋಡಿಸಿಕೊಂಡಳು. ಕಣ್ಣು ಮುಚ್ಚಿಕೊಂಡಳು. ಮೇಣದ ಬತ್ತಿಯೊಂದೇ ಬಾಕಿ.

ವರ್ನಾ ಬಲಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದಳು, ಬೇಕಾದಷ್ಟಕ್ಕೇ ಅದನ್ನು ಬಿಡುತ್ತಿದ್ದಳು. ಎಡಗೈ ಶುರುಮಾಡಿತು. ಎತ್ತು, ಅದ್ದು, ಹಚ್ಚು, ಎಸೆ. ಮುಖ ತೊಳೆದದ್ದಾಯಿತು, ಹಬೆ ಹಿಡಿದದ್ದಾಯಿತು, ನೀವಿದ್ದಾಯಿತು. ಲೇಪ ಹಚ್ಚಿ ಗಲ್ಲಕ್ಕೆ ಬಂದಾಗ ಬಲಗೈಯ ಮಣಿಕಟ್ಟು ಮಿಡುಕಿತು, ಗುಲಾಬಿ ಆಸೆಗೆ. ಅದನ್ನು ಇನ್ನೂ ಬಲವಾಗಿ ಒತ್ತಿದಳು. ಪರೀಕ್ಷಕಿ ದೊಡ್ಡ ಕನ್ನಡಕದ ಗಂಭೀರ ಹೆಂಗಸು. ಪಕ್ಕದಲ್ಲೇ ನಿಂತು ಬರೆಯುತ್ತಿದ್ದಳು.

"ಮುಂದೆ, ಮೇಲ್ದುಟಿಯ ಕೂದಲು," ಅಂತ ಓದಿದಳು. ಓದಿ ಲುದ್ಮಿಲಾಳ ಮೇಲ್ದುಟಿ ನೋಡಿದಳು. ಒಂದು ಗಳಿಗೆ ಮತ್ತೆ ಹಾಳೆ ನೋಡಿಕೊಂಡಳು, ಬೇರೆ ಏನಾದರೂ ಬರೆದಿದೆಯೇನೋ ಅಂತ.

ಎಡಗೈ ಕಡ್ಡಿ ಎತ್ತಿತು, ಮೇಣಕ್ಕೆ ಅದ್ದಿತು, ತುಟಿಯ ಎಡಭಾಗಕ್ಕೆ ಹಚ್ಚಿತು, ಕಡ್ಡಿ ಕೊಳಕಿನ ಚೀಲಕ್ಕೆ ಹೋಯಿತು. ಬಟ್ಟೆ ಅಂಟಿಸಿ ಒಂದೇ ಏಟಿಗೆ ಎಳೆದಳು. ಬಟ್ಟೆಗೆ ಅರ್ಧ ಮೀಸೆ ಬಂತು. ಪಕ್ಕದ ಮಂಚದ ಹುಡುಗಿ ಆ ಸದ್ದಿಗೇ ನಡುಗಿದಳು.

ಲುದ್ಮಿಲಾ ಅಲ್ಲಾಡಲಿಲ್ಲ. ರೆಪ್ಪೆ ಅದುರಲಿಲ್ಲ, ಮೂಗು ಅರಳಲಿಲ್ಲ.

ಪರೀಕ್ಷಕಿಯ ಪೆನ್ನು ನಿಂತಿತು. ಇಷ್ಟು ವರ್ಷದಲ್ಲಿ ತುಟಿಯ ಮೇಣ ಎಳೆದಾಗ ಕಾಲು ಝಾಡಿಸದ ಮನುಷ್ಯನನ್ನು ಅವಳು ಕಂಡಿರಲಿಲ್ಲ. ಬಗ್ಗಿ ನೋಡಿದಳು. ಬಿಳಿ ಬಟ್ಟೆ ಏಳುತ್ತಿಲ್ಲ, ಇಳಿಯುತ್ತಿಲ್ಲ. ಹೆಣೆದ ಬೆರಳುಗಳು ಮೇಣದ ಬಣ್ಣ.

"ಅಮ್ಮಾ?" ಅಂದಳು ಪರೀಕ್ಷಕಿ ಮೆಲ್ಲಗೆ. "ಅಮ್ಮಾ, ಚೆನ್ನಾಗಿದೀರಾ?"

ಲುದ್ಮಿಲಾಗೆ ಎಲ್ಲ ಕೇಳಿಸುತ್ತಿತ್ತು. ಯಾರು ಮಾತಾಡಿಸಿದರೂ ತುಟಿ ಎರಡು ಮಾಡಕೂಡದು ಅಂತ ಸೊಸೆ ಹೇಳಿದ್ದಳಲ್ಲ? ಇದೇ ಆ ಪರೀಕ್ಷೆ. ಈ ಕನ್ನಡಕದವಳು ಬಾಯಿ ಬಿಡಿಸಿ ಸೊಸೆಯನ್ನು ಬೀಳಿಸೋಕೆ ನೋಡ್ತಿದಾಳೆ. ಮುದುಕಿ ಉಸಿರನ್ನು ಇನ್ನೂ ಒಳಗೆ ಎಳೆದುಕೊಂಡಳು.

"ಅಮ್ಮಾ, ಕೇಳಿಸ್ತಿದ್ರೆ ಒಂದು ಬೆರಳು ಅಲ್ಲಾಡಿಸಿ."

ಬೆರಳು ಅಲ್ಲಾಡಲಿಲ್ಲ. ಯಾವ ಹೆಣ ಬೆರಳು ಅಲ್ಲಾಡಿಸುತ್ತದೆ?

ಆಚೆಯಿಂದ ಇನ್ನೊಬ್ಬ ಪರೀಕ್ಷಕಿ ಓಡಿಬಂದಳು. ಇಬ್ಬರೂ ಪಿಸುಗುಟ್ಟಿದರು. ವರ್ನಾಗೆ ಕೇಳಿಸಿದ್ದು ಒಂದೇ ಮಾತು: ಉಸಿರು. ಎಡಗೈಯಲ್ಲಿ ಮೇಣ ಖಾಲಿಯಾದ ಕಡ್ಡಿ. ಅದರಿಂದ ತುಟಿಯ ಬಲಭಾಗಕ್ಕೆ ಆಗಲೇ ಒಂದು ಎಳೆ ಹಚ್ಚಿದ್ದಳು, ಅದು ತಣ್ಣಗಾಗುತ್ತಿತ್ತು. ಕೆಲಸ ನಿಲ್ಲಿಸಿದರೆ ಸಮಯ ಹೋಗುತ್ತದೆ, ಮಾಡೆಲ್ ಜೊತೆ ಮಾತಾಡಿದರೆ ಅಂಕ ಹೋಗುತ್ತದೆ, ಟ್ರೂಡಿಯ ಕೋಣೆ ಹೋಗುತ್ತದೆ. ಅತ್ತೆಯ ಮುಖ ನೋಡಿದಳು. ನಲವತ್ತು ಸಲ ಜಗಳವಾಡಿದ ಮುಖ, ಒಂದು ಸಲವೂ ಇಷ್ಟು ಸುಮ್ಮನಿದ್ದದ್ದಿಲ್ಲ.

ಹೆದರಿಕೆ ಬಂದಾಗ ಮನುಷ್ಯ ಹಳೇ ಜಾಗಕ್ಕೇ ಓಡುತ್ತಾನೆ. ಬಲಗೈ ಸೊಂಟದಿಂದ ಬಿಡಿಸಿಕೊಂಡು, ಎಡಗೈಯಿಂದ ಕಡ್ಡಿ ಕಸಿದುಕೊಂಡು, ನೆಟ್ಟಗೆ ಮೇಣದ ಡಬ್ಬಿಯ ಕಡೆ ಹೊರಟಿತು. ಎಂಜಲು ಕಡ್ಡಿ. ವರ್ನಾ ಅದನ್ನು ಬೇರೆ ಯಾರದೋ ಕೈಯಂತೆ ನೋಡುತ್ತಿದ್ದಳು. ಡಬ್ಬಿಗೆ ಇನ್ನೊಂದು ಗೇಣು. ಇನ್ನೊಂದು ಬೆರಳು.

"ಹಾಳಾಗಿ ಹೋಗ್ಲಿ!" ಅಂದಳು ಗಟ್ಟಿಯಾಗಿ. ಕಡ್ಡಿಯನ್ನು ನೆಲಕ್ಕೆ ಒಗೆದು ಮುದುಕಿಯ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಅತ್ತೇ! ಅತ್ತೇ! ಏಳಿ ಅತ್ತೇ!"

ಲುದ್ಮಿಲಾ ಒಂದು ಕಣ್ಣು ತೆರೆದಳು.

"ದರಿದ್ರದವಳೇ," ಅಂದಳು. "ಯಾಕೇ ಬಾಯಿ ಬಿಟ್ಟೆ? ಎಷ್ಟು ಚೆನ್ನಾಗಿ ಸತ್ತು ಬಿದ್ದಿದ್ದೆ ನಾನು! ಆ ಕನ್ನಡಕದೋಳು ಏನೇನು ಮಾಡಿದ್ಲು, ಬೆರಳು ಅಲ್ಲಾಡ್ಸು ಅಂದ್ಲು, ಜಗ್ಗಿದ್ನಾ? ನನ್ನ ಸೊಸೇನೇ ಬಂದು ಕೆಡಿಸಿದ್ಲು!"

ಕೋಣೆಯ ಹುಡುಗಿಯರೆಲ್ಲ ಕೈ ಎತ್ತಿಕೊಂಡು ನಿಂತುಬಿಟ್ಟಿದ್ದರು. ಒಬ್ಬಳ ಮಾಡೆಲ್ ಕಿಸಕ್ಕನೆ ನಕ್ಕಳು. ವರ್ನಾಗೆ ಅಳು ಬಂತು, ನಗುವೂ ಬಂತು. ಆದರೆ ಕಲಿತದ್ದು ಬಿಡುತ್ತದೆಯೇ? ಬಗ್ಗಿ ಬಿದ್ದ ಕಡ್ಡಿ ಎತ್ತಿ ಕೊಳಕಿನ ಚೀಲಕ್ಕೆ ಹಾಕಿದಳು. ಕೈ ಶುದ್ಧ ಮಾಡಿಕೊಂಡಳು. ಹೊಸ ಕಡ್ಡಿ ಎತ್ತಿಕೊಂಡಳು, ಎಡಗೈಯಲ್ಲಿ. ಆಗ ಗಂಟೆ ಹೊಡೆಯಿತು.

"ಸಮಯ ಮುಗೀತು," ಅಂದಳು ಪರೀಕ್ಷಕಿ. ಅವಳ ಕಣ್ಣು ಇನ್ನೂ ಮುದುಕಿಯ ಉಸಿರಿನ ಮೇಲೇ ಇತ್ತು.

ಹೊರಗಿನ ಪಡಸಾಲೆಯಲ್ಲಿ ಮೂವರೂ ಬೆಂಚಿನ ಮೇಲೆ ಕೂತರು. ಎಮಿಲ್‌ಗೆ ಒಂದು ಹುಬ್ಬು, ಅವನಮ್ಮನಿಗೆ ಮೇಣ ಒರೆಸಿದ ಅರ್ಧ ಮೀಸೆ. ಹೋಗುವವರು ಬರುವವರು ನೋಡಿ ಇನ್ನೊಂದು ಬೆಂಚಿಗೆ ಹೋಗಿ ಕೂರುತ್ತಿದ್ದರು.

"ಮಾತಾಡಿಬಿಟ್ಟೆ," ಅಂದಳು ವರ್ನಾ. "ಬಾಯಿಬಿಟ್ಟು ಬೈದೆ ಬೇರೆ. ಮುಗೀತು ಎಮಿಲ್. ಟ್ರೂಡಿಗೆ ಫೋನ್ ಮಾಡಿ ಹೇಳ್ಬಿಡು."

"ನೀನೇ ಹೇಳು. ನಂಗೆ ಆ ಯಂತ್ರದೋನ ಮೇಲೆ ಸಿಟ್ಟು ಬಂದಿದೆ, ಅವನ ಕಾರು ಎಲ್ಲಿ ನಿಲ್ಲಿಸ್ತಾನೆ ಅಂತ ಗೊತ್ತು ನಂಗೆ. ಮುಂದಿನ ಸಲ ಹಿಮ ಬೀಳ್ಲಿ, ಹೂತು ಹಾಕ್ತೀನಿ."

ಲುದ್ಮಿಲಾಗೆ ಸಿಟ್ಟು ಇಳಿದಿರಲಿಲ್ಲ. ಮುಖ ಆಕಡೆ ತಿರುಗಿಸಿಕೊಂಡು ಕೂತಿದ್ದಳು, ಬೋಳು ಕಡೆ ಇವರಿಗೆ ಕಾಣುವಂತೆ.

ಕಾಗದ ಬಂದಾಗ ವರ್ನಾ ಅದನ್ನು ಎಮಿಲ್‌ಗೆ ಕೊಟ್ಟಳು. ಅವನು ಟೋಪಿ ಮೇಲೆತ್ತಿ ಓದಿದ. ಮತ್ತೆ ಓದಿದ. ಮೇಣದ ಕೆಲಸಕ್ಕೆ ಅಂಕ ಅಷ್ಟಕ್ಕಷ್ಟೇ, ಅರ್ಧ ಮೀಸೆಗೆ ಅರ್ಧ ಅಂಕ. ಮಾತಾಡಿದ್ದಕ್ಕೆ ಒಂದಿಷ್ಟು ಕಡಿತ. ಶುಚಿತ್ವದ ಸಾಲಿನಲ್ಲಿ ಒಂದೂ ಕಡಿತವಿಲ್ಲ. ಗಿರಾಕಿಯ ಕ್ಷೇಮಕ್ಕೆ ಪೂರ್ತಿ. ಎಲ್ಲಕ್ಕೂ ಕೆಳಗೆ ಒಂದೇ ಪದ.

"ಪಾಸು ಕಣೇ," ಅಂದ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ವರ್ನಾ, ಪಾಸು."

ವರ್ನಾ ಕಾಗದ ಕಸಿದುಕೊಂಡಳು, ಬಲಗೈಯಲ್ಲಿ. ಓದಿದಳು. ಆಮೇಲೆ ಅತ್ತೆಯನ್ನು ಅಪ್ಪಿಕೊಂಡಳು. ಮುದುಕಿ ಅದನ್ನೂ ಹೆಣದಂತೆಯೇ ಸಹಿಸಿದಳು.

"ಅದಿರಲಿ," ಅಂದಳು ಕಾರು ಹತ್ತುವಾಗ. "ಇನ್ನರ್ಧ ಯಾವಾಗ ತೆಗೀತೀಯ?"

"ತೆಗಿಯಂಗಿಲ್ಲ ಅತ್ತೆ. ಲೈಸೆನ್ಸ್ ಅಂಚೇಲಿ ಬರ್ಬೇಕು. ಅಭ್ಯಾಸ ಮಾಡೋ ಕಾಲ ಮುಗೀತು, ಅಲ್ಲೀವರೆಗೂ ನಾನು ಯಾರ ಮುಖಾನೂ ಮುಟ್ಟಂಗಿಲ್ಲ."

"ನಾನು ನಿನ್ನತ್ತೆ ಕಣೇ!"

"ಅತ್ತೆಯಾದ್ರೂ ಕಾನೂನು ಕಾನೂನೇ."

"ಬೋಳಿಸಿಕೊಳ್ಳಮ್ಮಾ, ನನ್ನ ರೇಜರ್ ಕೊಡ್ತೀನಿ," ಅಂದ ಎಮಿಲ್.

"ಥೂ, ಎಂಜಲು ರೇಜರ್," ಅಂದಳು ಮುದುಕಿ.

ಲೈಸೆನ್ಸ್ ಈಸ್ಟರಿಗೆ ಬರಲಿಲ್ಲ, ಅಂಚೆಯವರಿಗೂ ಹಬ್ಬವಿರುತ್ತದಲ್ಲ. ಹೀಗಾಗಿ ಲುದ್ಮಿಲಾ ಹುಡಾಕ್ ಹೊಸ ಹೂವಿನ ಸ್ಕಾರ್ಫು ಕಟ್ಟಿಕೊಂಡು, ಪಾದ್ರಿಯ ಆಶೀರ್ವಾದಕ್ಕೆ ಅಂತ ಹಂದಿಮಾಂಸ, ಮೊಟ್ಟೆ ತುಂಬಿದ ಬುಟ್ಟಿ ಹಿಡಿದು, ಅರ್ಧ ಮೀಸೆಯಲ್ಲಿ ಚರ್ಚಿಗೆ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಹೋಗುವವರಿಗೆಲ್ಲ ಮುಖ ಎರಡೂ ಕಡೆ ತಿರುಗಿಸಿ ತೋರಿಸಿದಳು. ಪಿರೋಹಿ ಹೆಂಗಸರು ಸುತ್ತ ಸೇರಿದರು.

"ಇದೇನೇ ಲುದ್ಮಿಲಾ, ಅರ್ಧಕ್ಕೇ ನಿಂತಿದೆ?"

"ಈ ಕಡೇದು ಪಾಸಾದ ಅರ್ಧ," ಅಂದಳು ಮುದುಕಿ ಗಂಭೀರವಾಗಿ. "ಮುಟ್ಟಿ ನೋಡು. ಕೈ ತೊಳ್ಕೊಂಡು ಮುಟ್ಟು."

ಟ್ರೂಡಿ ಪಾವ್ಲಿಕ್ ಹಿಂದಿನಿಂದ ನುಗ್ಗಿ ಬಂದಳು. ನಯವಾದ ಕಡೆಯ ಮೇಲೆ ಬೆರಳು ಆಡಿಸಿದಳು. ಕಡ್ಡಿ ಕೂದಲಿನ ಕಡೆಯ ಮೇಲೆ ಆಡಿಸಿದಳು. ಮತ್ತೆ ನಯವಾದ ಕಡೆಗೆ ಬಂದಳು. ಆಮೇಲೆ ದೂರದಲ್ಲಿ, ಗೋಡೆಗೆ ಅಂಟಿಕೊಂಡು ನಿಂತಿದ್ದ ವರ್ನಾಳ ಕಡೆ ತಿರುಗಿದಳು.

"ಸೋಮವಾರ ಬಂದು ಕೋಣೆ ಗುಡಿಸ್ಕೋ," ಅಂದಳು.

"ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ ಟ್ರೂಡಿ. ನಾನು ಈಗಲೇ ಬಂದ್ರೆ..."

"ಕಸ ಗುಡಿಸೋಕೂ ಲೈಸೆನ್ಸ್ ಬೇಕೇನೇ?" ಅಂದಳು ಟ್ರೂಡಿ.